ಲೆನ್ಸಿನ ನೇರಳೆ ಪೊರೆಯನ್ನು ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಹೇಗೆ

ಹೋದ ವರ್ಷ ಆಟಿ ತಿಂಗಳಲ್ಲಿ ಮಲ್ಪೆಯ ಹುಡುಗನೊಬ್ಬ ಬೈರಾಸಿನಲ್ಲಿ ಸುತ್ತಿದ ಲೆನ್ಸ್ ಹಿಡಿದುಕೊಂಡು ಮನೆಗೆ ಬಂದ. ಪಿಯುಸಿಯಲ್ಲಿ ನನ್ನ ಹತ್ತಿರ ಕಲಿತವ. ಈಗ ಮದುವೆ, ಮೆಹಂದಿ, ಬಯಲಾಟ ಅಂತ ಫೋಟೊ ತೆಗೆಯುತ್ತ ಹೊಟ್ಟೆ ಹೊರೆಯುತ್ತಾನೆ.

"ಸರ್, ಫಂಗಸ್ ಹಿಡಿದಿತ್ತು. ನಾನೇ ತೆಗೆದೆ. ಈಗ ಫಂಗಸ್ ಇಲ್ಲ, ಆದರೆ ಫೋಟೊ ಎಲ್ಲ ಹೊಗೆ ತುಂಬಿದ ಹಾಗೆ ಬರ್ತದೆ."

"ಎಂತ ಹಾಕಿದ್ದು ಮಾರಾಯ?"

"ವಿನೆಗರ್, ಸರ್. ವಿಡಿಯೊದಲ್ಲಿ ಹೇಳಿದ್ರು. ರಾತ್ರಿಯಿಡೀ ಹತ್ತಿಯಲ್ಲಿ ಅದ್ದಿ ಇಟ್ಟು, ಬೆಳಿಗ್ಗೆ ಗಟ್ಟಿ ಉಜ್ಜಿದೆ."

ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದು ನೋಡಿದೆ. ಅಂಚಿನಲ್ಲಿ ಬಳೆಯ ಹಾಗೆ ಒಂದಿಷ್ಟು ನೇರಳೆ ಉಳಿದಿತ್ತು. ನಡುವೆ ಬರೀ ಬಿಳಿ ಹೊಳಪು. ಫಂಗಸ್ ಹೋಗಿದ್ದು ನಿಜ, ಜೊತೆಗೆ ಪೊರೆಯೂ ಹೋಗಿತ್ತು.

ನಾನು ಉಡುಪಿಯಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವ. ಕುಂಜಿಬೆಟ್ಟಿನ ಮನೆಯ ಚಾವಡಿಯಲ್ಲಿ ಒಂದು ಮೇಜು, ಅದರ ಮೇಲೆ ಹಳೆ ಲೆನ್ಸುಗಳು, ವಾಚ್ ರಿಪೇರಿಯ ಸ್ಕ್ರೂಡ್ರೈವರುಗಳು. ಹೆಂಡತಿ ಅದಕ್ಕೆ 'ಇವರ ಆಸ್ಪತ್ರೆ' ಅಂತ ಹೆಸರಿಟ್ಟಿದ್ದಾಳೆ. ದುಡ್ಡಿಗೆ ಮಾಡುವ ಕೆಲಸವಲ್ಲ, ಹಾಗಾಗಿ ನಿಜ ಹೇಳುವುದಕ್ಕೆ ನನಗೆ ಅಂಜಿಕೆ ಇಲ್ಲ: ಈ ಮೇಜಿಗೆ ಬರುವ ಲೆನ್ಸುಗಳಲ್ಲಿ ಮಳೆಯಿಂದ ಹಾಳಾದವುಗಳಿಗಿಂತ ಒರೆಸಿ ಹಾಳಾದವೇ ಹೆಚ್ಚು. ಒರೆಸುವವರಿಗೆ ತಾವು ಏನನ್ನು ಒರೆಸುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. ಅದನ್ನು ಮೊದಲು ಹೇಳುತ್ತೇನೆ. ಬಟ್ಟೆ, ದ್ರಾವಣ ಎಲ್ಲ ಆಮೇಲೆ.

ಆ ನೇರಳೆ ಎಂತದು

ಲೆನ್ಸಿನ ಮೇಲೆ ಕಾಣುವ ನೀಲಿ-ನೇರಳೆ ಗಾಜಿನ ಬಣ್ಣವಲ್ಲ. ಯಾರೂ ಅಲ್ಲಿ ಬಣ್ಣ ಬಳಿದಿಲ್ಲ. ಅದೊಂದು ಉಪ್ಪಿನ ಪೊರೆ, ಮೆಗ್ನೀಸಿಯಂ ಫ್ಲೋರೈಡ್. ಒಂದು ಮೆಗ್ನೀಸಿಯಂ ಅಯಾನಿಗೆ (ಅಯಾನು ಅಂದರೆ ವಿದ್ಯುದಂಶ ಹೊತ್ತ ಪರಮಾಣು) ಎರಡು ಫ್ಲೋರೈಡ್ ಅಯಾನು. ಬಾಟಲಿಯಲ್ಲಿ ನೋಡಿದರೆ ಅಚ್ಚ ಬಿಳಿ ಪುಡಿ. ಗಾಜಿನ ಮೇಲೆ ಅದರ ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು.

ಈ ನೂರು ಎಲ್ಲಿಂದ ಬಂತು? ಪೊರೆಯ ಮೇಲ್ಮೈಯಿಂದ ಸ್ವಲ್ಪ ಬೆಳಕು ಹಿಂದಿರುಗುತ್ತದೆ, ಪೊರೆ ದಾಟಿ ಗಾಜಿಗೆ ತಾಗಿದಲ್ಲಿಂದ ಇನ್ನು ಸ್ವಲ್ಪ. ಎರಡನೆಯದು ಪೊರೆಯೊಳಗೆ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದುಳಿದರೆ, ಒಂದರ ಏರು ಇನ್ನೊಂದರ ಇಳಿತಕ್ಕೆ ಕೂಡಿ ಎರಡೂ ಅಳಿಯುತ್ತವೆ. ಹಾಗಾಗಬೇಕಾದರೆ ಪೊರೆಯ ದಪ್ಪ ಕಾಲು ಅಲೆಯಷ್ಟಿರಬೇಕು. ನಮ್ಮ ಕಣ್ಣು ಹೆಚ್ಚು ಚುರುಕಾಗಿರುವ ಹಸಿರಿನ ಅಲೆಯುದ್ದ 550 ನ್ಯಾನೊಮೀಟರ್. ಈ ಉಪ್ಪಿನ ವಕ್ರೀಭವನ ಸೂಚ್ಯಂಕ, ಅಂದರೆ ಅದರೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಅನ್ನುವ ಅಳತೆ, 1.38. ಅದರೊಳಗೆ ಅಲೆ 400ಕ್ಕೆ ಕುಗ್ಗುತ್ತದೆ, ಅದರ ಕಾಲು ಪಾಲು 100. ಹಸಿರು ಹಿಂದಿರುಗದೆ ಒಳಗೆ ಹೋಯಿತು. ಅತ್ತಿತ್ತಲಿನ ಕೆಂಪು, ನೀಲಿ ಪೂರ್ತಿ ಅಳಿಯದೆ ಚೂರು ಹಿಂದಿರುಗಿದವು. ಎರಡೂ ಸೇರಿ ನೇರಳೆ. ನಿಮ್ಮ ಲೆನ್ಸಿನ ಬಣ್ಣ ಅಂದರೆ ಇಷ್ಟೇ.

ಲಾಭ ಎಷ್ಟು ಅಂತ ಲೆಕ್ಕ ಹಾಕಿ. ಸಾಮಾನ್ಯ ಗಾಜಿನ ಒಂದೊಂದು ಮುಖದಿಂದ ಶೇಕಡಾ 4ಕ್ಕಿಂತ ತುಸು ಹೆಚ್ಚು ಬೆಳಕು ಹಿಂದಕ್ಕೆ ಹೋಗುತ್ತದೆ. ನಾಲ್ಕು ಗಾಜಿನ ಲೆನ್ಸ್ ಆದರೆ ಎಂಟು ಮುಖ. ಕೊನೆಗೆ ಫಿಲ್ಮಿಗೋ ಸೆನ್ಸರಿಗೋ ತಲುಪುವುದು ನೂರರಲ್ಲಿ ಎಪ್ಪತ್ತು. ಪೊರೆ ಇದ್ದರೆ ಮುಖಕ್ಕೆ ಸುಮಾರು 1.3 ಮಾತ್ರ ನಷ್ಟ, ತಲುಪುವುದು ತೊಂಬತ್ತು. ತಲುಪದ ಬೆಳಕು ಸುಮ್ಮನೆ ಕೂರುವುದೂ ಇಲ್ಲ. ಗಾಜಿನಿಂದ ಗಾಜಿಗೆ ಚೆಂಡಿನ ಹಾಗೆ ಪುಟಿದು ಚಿತ್ರದ ಕಪ್ಪು ಜಾಗಗಳ ಮೇಲೆ ಬೂದಿ ಚೆಲ್ಲುತ್ತದೆ. ಹುಡುಗ ಹೇಳಿದ ಹೊಗೆ ಅದೇ.

ಉಪ್ಪಿನ ಭರಣಿ ಮತ್ತು ಲೆನ್ಸ್

ಉಪ್ಪು ಅಂದ ಕೂಡಲೇ ನಮ್ಮ ಊರಿನವರಿಗೆ ಹೆದರಿಕೆ ಸಹಜ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಾಗ ಇದು. ಜೂನ್ ಬಂತೆಂದರೆ ಅಡಿಗೆಮನೆಯ ಕಲ್ಲುಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರಿಗೆ ಕಾರಣ ಸೋಡಿಯಂ ಕ್ಲೋರೈಡಿಗಿಂತ ಹೆಚ್ಚಾಗಿ ಸಮುದ್ರದ ನೀರಿನಿಂದ ಅದರ ಜೊತೆಗೇ ಬಂದ ಮೆಗ್ನೀಸಿಯಂ ಕ್ಲೋರೈಡ್. ಅದು ಗಾಳಿಯ ತೇವವನ್ನು ಎಳೆದು, ಎಳೆದ ನೀರಿನಲ್ಲಿ ತಾನೇ ಕರಗುವ ಜಾತಿ. ಒಂದು ಲೀಟರ್ ನೀರಿಗೆ ಅರ್ಧ ಕಿಲೊ ಹಾಕಿದರೂ ಕರಗಿಹೋಗುತ್ತದೆ.

ಅದೇ ಮೆಗ್ನೀಸಿಯಂ ಕ್ಲೋರಿನ್ನನ್ನು ಬಿಟ್ಟು ಫ್ಲೋರಿನ್ ಜೊತೆ ಸೇರಿದರೆ ಒಂದು ಲೀಟರಿನಲ್ಲಿ ಕಾಲು ಗ್ರಾಮೂ ಕರಗದು. ತರಗತಿಯಲ್ಲಿ ನಾನು ಈ ಎರಡು ಉಪ್ಪುಗಳನ್ನು ಅಕ್ಕಪಕ್ಕ ಬರೆದು ಕಾರಣ ಕೇಳುತ್ತಿದ್ದೆ. ಫ್ಲೋರೈಡ್ ಅಯಾನು ಕ್ಲೋರೈಡಿಗಿಂತ ಬಹಳ ಸಣ್ಣದು. ಮೆಗ್ನೀಸಿಯಮ್ಮೂ ಸಣ್ಣದು, ಅದರ ಮೇಲೆ ಎರಡು ಧನ ವಿದ್ಯುದಂಶ. ಸಣ್ಣವು ಸಣ್ಣವು ಒತ್ತಿಕೊಂಡು ಕೂತರೆ ಹಿಡಿತ ಬಿಗಿ. ಪ್ರತಿ ಮೆಗ್ನೀಸಿಯಮ್ಮಿನ ಸುತ್ತ ಆರು ಫ್ಲೋರೈಡ್, ಪ್ರತಿ ಫ್ಲೋರೈಡಿನ ಸುತ್ತ ಮೂರು ಮೆಗ್ನೀಸಿಯಂ. ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ಖನಿಜದಲ್ಲಿ ಇರುವುದೂ ಇದೇ ಜೋಡಣೆ. ನೀರಿನ ಅಣುಗಳು ಬಂದು ಬಿಡಿಸಲು ನೋಡಿದರೂ ಈ ಗುಂಪು ಜಗ್ಗುವುದಿಲ್ಲ. ಕರಗುವ ಬಿಂದುವಿನಲ್ಲೂ ಇದೇ ಕಾಣುತ್ತದೆ: ಕ್ಲೋರೈಡ್ 714 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಫ್ಲೋರೈಡ್ 1263ರ ತನಕ ತಡೆಯುತ್ತದೆ.

ಬೇರೆ ಫ್ಲೋರೈಡುಗಳು ಇಲ್ಲವೇ ಅಂದರೆ, ಉಂಟು. ಸೋಡಿಯಂ ಫ್ಲೋರೈಡ್ ಲೀಟರಿಗೆ ನಲವತ್ತು ಗ್ರಾಮ್ ಕರಗುತ್ತದೆ, ನಮ್ಮ ಒಂದು ಮಳೆಗಾಲಕ್ಕೂ ಬಾಳದು. ಕ್ರಯೊಲೈಟ್ ಅಂತ ಸೋಡಿಯಂ-ಅಲ್ಯೂಮಿನಿಯಂ ಫ್ಲೋರೈಡ್ ಒಂದಿದೆ, ಸೂಚ್ಯಂಕ 1.34ರ ಹತ್ತಿರ, ಬೆಳಕಿನ ಲೆಕ್ಕಕ್ಕೆ ಇನ್ನೂ ಒಳ್ಳೆಯದು. ಆದರೆ ಮೆದು. ಕ್ಯಾಲ್ಸಿಯಂ ಫ್ಲೋರೈಡಿನ ಸೂಚ್ಯಂಕ 1.43, ಗಡಸುತನ ಮೋಸ್ ಅಳತೆಯಲ್ಲಿ (ಅತಿ ಮೆದುವಿಗೆ 1, ವಜ್ರಕ್ಕೆ 10) 4. ಸಾಮಾನ್ಯ ಗಾಜಿಗೆ ನಿಜವಾಗಿ ಬೇಕಾದದ್ದು 1.23, ಅಂದರೆ ಗಾಜಿನ 1.52ರ ವರ್ಗಮೂಲ. ಅಷ್ಟು ಕಡಿಮೆ ಇರುವ ಗಟ್ಟಿ ವಸ್ತು ಸಿಗದ ಕಾರಣ 1.38ಕ್ಕೆ ಒಪ್ಪಿಕೊಂಡದ್ದು. ಸೂಚ್ಯಂಕ 1.9 ಇರುವ ಭಾರದ ಗಾಜಿಗೆ ಮಾತ್ರ ಇದು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ, ಯಾಕೆಂದರೆ 1.9ರ ವರ್ಗಮೂಲ 1.38.

ಒಟ್ಟಿನಲ್ಲಿ, ತೇವ ಒಂದರಿಂದಲೇ ಈ ಪೊರೆ ಕರಗುತ್ತದೆ ಅನ್ನುವ ಭಯ ಬೇಡ. ಅದು ಸೋಲುವುದು ಎರಡಕ್ಕೆ: ಉಜ್ಜುವುದಕ್ಕೆ ಮತ್ತು ಹುಳಿಗೆ.

ಹುಳಿ ಯಾಕಾಗದು

ನಮ್ಮ ಮನೆಗಳಲ್ಲಿ ಕಂಚಿನ ದೀಪ, ತಾಮ್ರದ ಹಂಡೆ ಬೆಳಗುವುದು ಹುಣಸೆ ಹುಳಿಯಿಂದ, ಹಿತ್ತಿಲಲ್ಲಿ ಮರ ಇದ್ದರೆ ಬಿಂಬುಳಿಯಿಂದ. ಫಳಫಳ ಹೊಳೆಯುತ್ತದೆ. ಅದೇ ಬುದ್ಧಿ ಲೆನ್ಸಿನ ಹತ್ತಿರ ಬಂದಾಗ ವಿನೆಗರ್, ನಿಂಬೆರಸ ನೆನಪಾಗುತ್ತದೆ.

ಹೈಡ್ರೋಫ್ಲೋರಿಕ್ ಆಮ್ಲವನ್ನು ರಸಾಯನಶಾಸ್ತ್ರದಲ್ಲಿ ದುರ್ಬಲ ಆಮ್ಲ ಅಂತ ವರ್ಗೀಕರಿಸುತ್ತಾರೆ. ಮೈ ಮೇಲೆ ಬಿದ್ದರೆ ಅದರಷ್ಟು ಭಯಂಕರ ಇನ್ನೊಂದಿಲ್ಲ, ಅದು ಬೇರೆ ಮಾತು. ದುರ್ಬಲ ಅಂದರೆ ಫ್ಲೋರೈಡ್ ಅಯಾನು ಹೈಡ್ರೋಜನ್ ಅಯಾನನ್ನು ಕಂಡರೆ ಅಪ್ಪಿ ಹಿಡಿದು ಸುಲಭಕ್ಕೆ ಬಿಡುವುದಿಲ್ಲ ಅಂತ. ಬರೀ ನೀರಿನಲ್ಲಿ ಪೊರೆಯಿಂದ ಒಂದೆರಡು ಫ್ಲೋರೈಡ್ ಹೊರಗೆ ಬಂದರೂ ಮತ್ತೆ ಹಿಂದಿರುಗುತ್ತವೆ, ಹೋದದ್ದಕ್ಕೂ ಬಂದದ್ದಕ್ಕೂ ಸರಿ. ಹುಳಿಯಲ್ಲಿ ಹೊರಬಂದ ಫ್ಲೋರೈಡನ್ನು ಹೈಡ್ರೋಜನ್ ಅಯಾನು ಬಾಗಿಲಲ್ಲೇ ಹಿಡಿದುಕೊಳ್ಳುತ್ತದೆ. ಹಿಂದಿರುಗಲು ಯಾರೂ ಇಲ್ಲ. ಖಾಲಿಯಾದ ಜಾಗ ತುಂಬಲು ಒಳಗಿನಿಂದ ಇನ್ನಷ್ಟು ಬರಬೇಕು. ದೊಡ್ಡ ಗಟ್ಟಿ ಹರಳಾದರೆ ಇದರಿಂದ ಕಣ್ಣಿಗೆ ಕಾಣುವಂಥದ್ದು ಏನೂ ಆಗದಿರಬಹುದು. ನಮ್ಮ ಪೊರೆಗೆ ಕಳೆದುಕೊಳ್ಳಲು ಇರುವುದೇ ನೂರು ನ್ಯಾನೊಮೀಟರ್, ಅದರೊಳಗೆ ಸೂಕ್ಷ್ಮ ರಂಧ್ರಗಳೂ ಇರುತ್ತವೆ. ರಾತ್ರಿಯಿಡೀ ವಿನೆಗರಿನಲ್ಲಿ ನೆನೆದು ಸಡಿಲವಾದದ್ದನ್ನು ಬೆಳಿಗ್ಗೆ ಗಟ್ಟಿ ಉಜ್ಜಿದರೆ ಉಳಿಯುವುದು ಹೇಗೆ?

ಬಚ್ಚಲು ತೊಳೆಯುವ ಆಸಿಡ್ ಇಟ್ಟ ಕಪಾಟಿನಲ್ಲಿ ಕ್ಯಾಮೆರಾ ಇಡಬಾರದು ಅನ್ನುವುದಕ್ಕೂ ಇದೇ ಕಾರಣ. ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದು ಪೊರೆಯನ್ನಷ್ಟೇ ಅಲ್ಲ, ಗಾಜನ್ನೇ ತಿನ್ನುತ್ತದೆ.

ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಕೇಳಿದವರು ರಸಾಯನಶಾಸ್ತ್ರ ಯೋಚಿಸಿಯೇ ಕೇಳಿದ್ದು: "ಟೂತ್‌ಪೇಸ್ಟಿನಲ್ಲೂ ಫ್ಲೋರೈಡ್ ಉಂಟು, ಲೆನ್ಸಿನಲ್ಲೂ ಫ್ಲೋರೈಡ್ ಉಂಟು. ಪೇಸ್ಟ್ ಹಾಕಿ ಉಜ್ಜಿದರೆ ಹೋದ ಪೊರೆ ಬರ್ತದಾ ಸರ್?" ಇಲ್ಲ. ಪೇಸ್ಟಿನಲ್ಲಿ ಹಲ್ಲಿನ ಕೊಳೆ ಕೆರೆಯಲು ಸಿಲಿಕಾದಂಥ ಪುಡಿ ಇರುತ್ತದೆ, ಅದು ಇದ್ದ ಪೊರೆಯನ್ನೂ ಕೆರೆಯುತ್ತದೆ. ಹಾಗೆಯೇ, ಮಗು ಲೆನ್ಸ್ ನೆಕ್ಕಿತು ಅಂತ ಗಾಬರಿಪಟ್ಟು ಫೋನ್ ಮಾಡಿದವರೂ ಇದ್ದಾರೆ. ಐದು ಸೆಂಟಿಮೀಟರ್ ಅಗಲದ ಲೆನ್ಸಿನ ಒಂದು ಮುಖದ ಪೊರೆ ಪೂರ್ತಿ ಕಿತ್ತು ತೂಗಿದರೂ ಒಂದು ಮಿಲಿಗ್ರಾಮ್ ಆಗದು, ಸುಮಾರು 0.6. ಅದರಲ್ಲಿ ಫ್ಲೋರಿನ್ 0.4 ಮಿಲಿಗ್ರಾಮಿನೊಳಗೆ, ಬೆಳಿಗ್ಗೆ ಬ್ರಶ್ಶಿಗೆ ಹಚ್ಚುವ ಪೇಸ್ಟಿನಲ್ಲಿ ಇರುವಷ್ಟು. ಅದೂ ನೆಕ್ಕಿದರೆ ಬಿಡುವಂಥದ್ದಲ್ಲ.

ಪೊರೆ ಉಂಟಾ ಇಲ್ಲವಾ ನೋಡುವುದು

ಯಾವ ದ್ರಾವಣದ ಬಾಟಲಿ ತೆರೆಯುವ ಮೊದಲೂ ಇದು ಆಗಬೇಕು. ರಾತ್ರಿ ಒಂದೇ ಟ್ಯೂಬ್‌ಲೈಟ್ ಹಾಕಿ, ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಲೆನ್ಸನ್ನು ನಿಧಾನಕ್ಕೆ ಓರೆ ಮಾಡಿದರೆ ದೀಪದ ಸಣ್ಣ ಸಣ್ಣ ಬಿಂಬಗಳು ಸಾಲಾಗಿ ಕಾಣುತ್ತವೆ. ಒಂದೊಂದು ಬಿಂಬ ಒಂದೊಂದು ಮುಖದ್ದು. ನೇರಳೆ ಅಥವಾ ನೀಲಿ ಬಿಂಬ ಇದ್ದರೆ ಆ ಮುಖಕ್ಕೆ ಸಾಮಾನ್ಯವಾಗಿ ಒಂದೇ ಪದರದ ಮೆಗ್ನೀಸಿಯಂ ಫ್ಲೋರೈಡ್. ಹಸಿರು ಬಣ್ಣದ್ದಾದರೆ ಸಾಮಾನ್ಯವಾಗಿ ಹಲವು ಪದರದ ಲೇಪ, ಅಲ್ಲೂ ಎಲ್ಲಕ್ಕಿಂತ ಮೇಲಿನ ಪದರ ಹೆಚ್ಚಾಗಿ ಇದೇ ಉಪ್ಪು. ಬಿಂಬ ಬೆಳ್ಳಗೆ, ಉಳಿದವಕ್ಕಿಂತ ಪ್ರಖರವಾಗಿ ಕಂಡರೆ ಪೊರೆ ಇಲ್ಲ ಅಥವಾ ಸವೆದಿದೆ. ಬಿಂಬವನ್ನು ಗಾಜಿನ ಮೇಲೆ ಅತ್ತಿತ್ತ ಓಡಿಸಿ: ಓಡುವಾಗ ನೇರಳೆಯಿಂದ ಬಿಳಿಗೆ ಹಾರಿದರೆ ಸವೆದ ಜಾಗ ಎಲ್ಲಿ ಅಂತ ಸಿಕ್ಕಿತು.

ಹಳೆಯ ಲೆನ್ಸುಗಳಿಗೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಜರ್ಮನಿಯ ಜೇನಾದಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ಲೇಪ ಕೊಡುವ ವಿಧಾನಕ್ಕೆ 1935ರಲ್ಲಿ ಪೇಟೆಂಟ್ ಪಡೆದರು. ವಿಧಾನದ ತಿರುಳು ಇವತ್ತಿಗೂ ಬದಲಾಗಿಲ್ಲ: ಗಾಳಿ ತೆಗೆದ ಕೋಣೆ, ಮಾಲಿಬ್ಡಿನಂ ಅಥವಾ ಟ್ಯಾಂಟಲಮ್ಮಿನ ಸಣ್ಣ ತಟ್ಟೆ (ಅದರ ಆಕಾರ ನೋಡಿ ಅದನ್ನು ದೋಣಿ ಅಂತಲೇ ಕರೆಯುತ್ತಾರೆ), ಅದರಲ್ಲಿ ಫ್ಲೋರೈಡಿನ ಹರಳು. ವಿದ್ಯುತ್ ಹಾಯಿಸಿ ಕಾಯಿಸಿದರೆ ಆವಿಯೆದ್ದು ಮೇಲಿನ ಗಾಜಿಗೆ ಹೋಗಿ ಕೂರುತ್ತದೆ. ಗಾಜು ತಣ್ಣಗಿದ್ದರೆ ಪೊರೆ ಸಡಿಲ, ಸುಣ್ಣ ಬಳಿದ ಗೋಡೆಯ ಹಾಗೆ. ಗಾಜನ್ನೂ ಸುಮಾರು 300 ಡಿಗ್ರಿಗೆ ಕಾಯಿಸಿಟ್ಟರೆ ಗಟ್ಟಿ. ಈ ಎರಡನೆಯ ಸಂಗತಿ ಕೈಹತ್ತಿದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಅದಕ್ಕೆ ಹಳೆಯ ಕಾಲದ ಎಷ್ಟೋ ಲೆನ್ಸುಗಳಲ್ಲಿ, ಮುಖ್ಯವಾಗಿ ಯಾರ ಕೈಯೂ ತಾಗದ ಒಳಮುಖಗಳಲ್ಲಿ, ಪೊರೆ ಬಹಳ ಮೆದು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 1986ರಲ್ಲಿ ಸೋದರಮಾವ ತಮ್ಮ ಜರ್ಮನ್ ಮಡಚು ಕ್ಯಾಮೆರಾ ನನಗೆ ಕೊಟ್ಟರು. ಒಳಗಿನ ಗಾಜಿನಲ್ಲಿ ತೆಳು ಮಬ್ಬಿತ್ತು. ಮುಂದಿನ ಗಾಜನ್ನು ತಿರುಗಿಸಿ ಬಿಚ್ಚಿ, ಮೆತ್ತಗಿರುತ್ತದೆ ಅಂತ ಹಳೆ ಬನಿಯನ್ ಬಟ್ಟೆಯಿಂದ ನಾಲ್ಕೇ ಸುತ್ತು ಒರೆಸಿದೆ. ಐದನೇ ಸುತ್ತಿಗೆ ನೋಡಿದರೆ ನೀಲಿ ಬನಿಯನ್ನಿಗೆ ಹತ್ತಿತ್ತು ಅನ್ನುವ ಹಾಗೆ ಗಾಜು ಬರಿದಾಗಿತ್ತು. ಎಂ.ಎಸ್ಸಿ. ಮಾಡಿದ ಮೇಷ್ಟ್ರು ನಾನು. ಮಾವನಿಗೆ ಹೇಳಲೇ ಇಲ್ಲ.

ಒರೆಸುವ ಕ್ರಮ

ಮೊದಲ ಮಾತು, ಒರೆಸದೆ ಬಿಡಬಹುದಾದರೆ ಬಿಡಿ. ಮುಂದಿನ ಗಾಜಿನ ಮೇಲೆ ನಾಲ್ಕು ಧೂಳಿನ ಕಣ ಇದ್ದರೆ ಚಿತ್ರದಲ್ಲಿ ಕಾಣುವುದೇ ಇಲ್ಲ.

ಬೇಕೇ ಬೇಕಾದಾಗ ಶುರು ಗಾಳಿಯಿಂದ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಸಾಕು. ಲೆನ್ಸನ್ನು ಕೆಳಮುಖ ಹಿಡಿದು ಊದಿ, ಕಣಗಳು ಕೆಳಗೆ ಬೀಳಲಿ. ಬಾಯಿಯಿಂದ ಊದುವ ಅಭ್ಯಾಸ ಬಿಡಿ, ಅದರಲ್ಲಿ ಗಾಳಿಗಿಂತ ಎಂಜಲು ಜಾಸ್ತಿ. ಈ ಹಂತವನ್ನು ಹಾರಿಸುವವರೇ ಹೆಚ್ಚು, ಪೊರೆಯ ಗೀರುಗಳೆಲ್ಲ ಹುಟ್ಟುವುದು ಇಲ್ಲೇ. ಮಲ್ಪೆ, ಪಣಂಬೂರಿನ ಮರಳು ಅಂದರೆ ಬಹುಪಾಲು ಸ್ಫಟಿಕ ಶಿಲೆ, ಗಡಸುತನ 7. ಪೊರೆ 5-6ರ ಆಸುಪಾಸು. ಒಂದೇ ಕಣ ಬಟ್ಟೆಯಡಿ ಸಿಕ್ಕಿದರೂ ಉದ್ದಕ್ಕೆ ಗೆರೆ. ಗಾಳಿಗೆ ಹೋಗದ್ದನ್ನು ಮೆದು ಬ್ರಶ್ಶಿನಿಂದ ತಟ್ಟಿ ತೆಗೆಯಿರಿ. ಬ್ರಶ್ಶಿನ ಕೂದಲನ್ನು ಬೆರಳಿನಿಂದ ಮುಟ್ಟಬಾರದು, ಬೆರಳಿನ ಎಣ್ಣೆ ಅದಕ್ಕೆ ಅಂಟುತ್ತದೆ.

ಆಮೇಲೆ ದ್ರಾವಣ. ಇಲ್ಲಿ ಕರಾವಳಿಯವರು ಗಮನಿಸಬೇಕಾದ ವಿಷಯ ಒಂದಿದೆ. ಎಲ್ಲರೂ ಹೇಳುವುದು ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ. ಬೆರಳಚ್ಚು, ಎಣ್ಣೆಗೆ ಅದು ಸರಿ. ಆದರೆ ಕಡಲ ತೀರದಲ್ಲಿ ಅರ್ಧ ದಿನ ನಿಂತ ಲೆನ್ಸಿನ ಮೇಲೆ ಕೂತದ್ದು ಎಣ್ಣೆಯಲ್ಲ, ಸಮುದ್ರದ ಉಪ್ಪು. ಸೋಡಿಯಂ ಕ್ಲೋರೈಡ್ ಈ ಆಲ್ಕೋಹಾಲಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ನೀವು ಒರೆಸಿದಷ್ಟೂ ಹರಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತವೆ, ಜೊತೆಯಲ್ಲಿ ಮರಳನ್ನೂ ಎಳೆದುಕೊಂಡು. ಅದಕ್ಕೆ ಮೊದಲು ನೀರು, ಆಮೇಲೆ ಆಲ್ಕೋಹಾಲ್.

ನೀರು ಬಾವಿಯದ್ದೋ ನಳ್ಳಿಯದ್ದೋ ಆಗದು, ಒಣಗಿದ ಮೇಲೆ ಕಲೆ ಬಿಡುತ್ತದೆ. ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್ ಪುಡಿಗೆ ಬೆರೆಸುವ ನೀರಿನ ಸಣ್ಣ ಶೀಶೆ ಕೆಲವೇ ರೂಪಾಯಿಗೆ ಸಿಗುತ್ತದೆ. ಅಷ್ಟು ಶುದ್ಧ ನೀರು ನನಗೆ ಕಾಲೇಜಿನ ಲ್ಯಾಬಿನಲ್ಲೂ ಎಲ್ಲ ದಿನ ಸಿಗುತ್ತಿರಲಿಲ್ಲ. ಒಂದು ಶೀಶೆ ಒಂದು ಲೆನ್ಸಿಗೆ ಧಾರಾಳ. ಬ್ಯಾಟರಿಗೆ ಹಾಕುವ ನೀರೂ ಆಗುತ್ತದೆ, ಆದರೆ ಅಂಗಡಿಯಲ್ಲಿ ಪಕ್ಕದಲ್ಲೇ ಬ್ಯಾಟರಿ ಆಸಿಡ್ ಇಟ್ಟಿರುತ್ತಾರೆ, ಹೆಸರು ಎರಡು ಸಲ ಓದಿ. ಆಲ್ಕೋಹಾಲ್ 99 ಶೇಕಡಾದ್ದು ತನ್ನಿ. ಕೊರೊನಾ ಕಾಲದ ಸ್ಯಾನಿಟೈಸರ್ ಮೂಲೆಯಲ್ಲಿ ಉಳಿದಿದೆ ಅಂತ ಅದನ್ನು ತೆಗೆಯಬೇಡಿ. ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ, ಅದು ಗಾಜಿನ ಮೇಲೆ ಜಿಡ್ಡಾಗಿ ನಿಲ್ಲುತ್ತದೆ. ದೇವರ ದೀಪ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡ, ಆಲ್ಕೋಹಾಲಿನ ಆವಿಗೆ ಬೆಂಕಿ ಹತ್ತುತ್ತದೆ.

ದ್ರವವನ್ನು ಗಾಜಿನ ಮೇಲೆ ಹನಿಸಬಾರದು, ಟಿಶ್ಯೂವಿಗೆ ಹನಿಸಬೇಕು. ಗಾಜಿಗೆ ಹನಿಸಿದರೆ ಅಂಚಿನ ಸಂದಿಯಿಂದ ಒಳಗೆ ಇಳಿದು ಅಲ್ಲೇ ಒಣಗುತ್ತದೆ, ಆಮೇಲೆ ಲೆನ್ಸ್ ಬಿಚ್ಚದೆ ಗತಿ ಇಲ್ಲ. ಲೆನ್ಸ್ ಟಿಶ್ಯೂ ಮಡಚಿ ಎರಡು ಹನಿ ಹಾಕಿ, ನಡುವಿನಿಂದ ಹೊರಕ್ಕೆ, ನೀರುದೋಸೆಯ ಹಿಟ್ಟು ಕಾವಲಿಯಲ್ಲಿ ಹರಿಯುವಷ್ಟು ಹಗುರಕ್ಕೆ ಸುತ್ತಿ ತನ್ನಿ. ಒಂದು ಟಿಶ್ಯೂ ಒಂದೇ ಸುತ್ತಿಗೆ. ನೀರಿನದ್ದು ಎರಡು, ಆಲ್ಕೋಹಾಲಿನದ್ದು ಒಂದು, ಒಟ್ಟು ಮೂರು ಟಿಶ್ಯೂ ಕಸಕ್ಕೆ ಹೋಗಲಿ. ಲುಂಗಿಯ ತುದಿ, ಸೆರಗು, ಟಿ-ಶರ್ಟ್ ಇವುಗಳ ಬಗ್ಗೆ ನಾನು ಬನಿಯನ್ ಕತೆ ಹೇಳಿಯಾಯಿತು.

ಫಂಗಸ್ ಬಂದಿದ್ದರೆ

ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅದು ಫಂಗಸ್. ಅದು ಗಾಜನ್ನು ತಿನ್ನಲು ಬಂದದ್ದಲ್ಲ. ಅದರ ಊಟ ಧೂಳು, ಬೆರಳಿನ ಜಿಡ್ಡು, ಒಳಗಿನ ಗ್ರೀಸು. ಉಂಡ ಮೇಲೆ ಅದು ಬಿಡುವ ಸಾವಯವ ಆಮ್ಲಗಳೇ ತಾಪತ್ರಯ. ಹುಳಿಯ ಪಾಠ ಇಲ್ಲಿ ಮತ್ತೆ ಬಂತು: ವಿನೆಗರನ್ನು ನೀವೇ ಹಾಕಿದರೂ, ಫಂಗಸ್ ತಾನೇ ತಯಾರಿಸಿದರೂ ಪೊರೆಗೆ ಒಂದೇ. ಹೊಸದಾಗಿ ಹತ್ತಿದ ಫಂಗಸ್ ಒರೆಸಿದರೆ ಗುರುತಿಲ್ಲದೆ ಹೋಗುತ್ತದೆ. ಎರಡು ಮಳೆಗಾಲ ಕಳೆದದ್ದು ಎಳೆ ಹೋದ ಮೇಲೂ ತನ್ನ ಚಿತ್ರವನ್ನು ಪೊರೆಯ ಮೇಲೆ ಕೆತ್ತಿಟ್ಟು ಹೋಗುತ್ತದೆ. ಹಾಗಾಗಿ ಕಂಡ ವಾರವೇ ತೆಗೆಯಬೇಕು.

ಹೊರಮುಖದಲ್ಲಿದ್ದರೆ ಮೇಲೆ ಹೇಳಿದ ಕ್ರಮವೇ. ಆಲ್ಕೋಹಾಲಿಗೆ ಬಗ್ಗದಿದ್ದರೆ ಮೆಡಿಕಲ್‌ನ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ಶುದ್ಧ ನೀರು ಬೆರೆಸಿ, ಟಿಶ್ಯೂವಿನಲ್ಲಿ ಅದ್ದಿ, ಒಂದು ನಿಮಿಷ ಮುಟ್ಟಿಸಿ ತೆಗೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಕೆಡದಿರಲಿ ಅಂತ ಅದಕ್ಕೂ ಚೂರು ಆಮ್ಲ ಸೇರಿಸಿರುತ್ತಾರೆ. ಕೂಡಲೇ ನೀರಿನ ಟಿಶ್ಯೂ, ಕೊನೆಗೆ ಆಲ್ಕೋಹಾಲ್. ಒಳಗಿನ ಗಾಜಿನಲ್ಲಿದ್ದರೆ ಕೆಲಸ ಗೊತ್ತಿದ್ದವರಿಗೆ ಕೊಡಿ. ಸ್ಕ್ರೂ ಬಿಚ್ಚುವುದು ಕಷ್ಟವಲ್ಲ, ಗಾಜನ್ನು ಮೊದಲಿನ ಜಾಗಕ್ಕೆ ಮೊದಲಿನ ಓರೆಯಲ್ಲೇ ಕೂರಿಸುವುದು ಕಷ್ಟ.

ಜೂನ್‌ನಿಂದ ಅಕ್ಟೋಬರ್ ತನಕ ಇಡುವುದು

ಚರ್ಮದ ಕವರ್ ಮೊದಲು ಬೇರೆ ಮಾಡಿ. ನಮ್ಮಲ್ಲಿ ಚಪ್ಪಲಿಗೇ ಬೂಸ್ಟು ಬರುವಾಗ ಆ ಚೀಲದೊಳಗೆ ಲೆನ್ಸ್ ಇಟ್ಟರೆ ಬೀಜ ಬಿತ್ತಿದ ಹಾಗೆ. ಕಪಾಟಿನಲ್ಲಿ ಸೀರೆಗಳ ನಡುವೆ ಇಡುವವರಿಗೆ ಇನ್ನೊಂದು ಮಾತು: ನುಸಿಗುಳಿಗೆ ಆವಿಯಾಗಿ ಬಂದು ತಣ್ಣಗಿನ ಗಾಜಿನ ಮೇಲೆ ಮತ್ತೆ ಹರಳಾಗುತ್ತದೆ. ನ್ಯಾಫ್ತಲಿನ್ ಮಬ್ಬು ಹಿಡಿದ ಲೆನ್ಸುಗಳನ್ನು ನಾನು ಕಂಡಿದ್ದೇನೆ.

ದುಡ್ಡಿದ್ದರೆ ತೇವ ನಿಯಂತ್ರಿಸುವ ವಿದ್ಯುತ್ ಕಪಾಟು ತನ್ನಿ, ಮುಳ್ಳನ್ನು 45 ಶೇಕಡಾದ ಹತ್ತಿರ ನಿಲ್ಲಿಸಿ. ಇಲ್ಲದಿದ್ದರೆ ರಬ್ಬರ್ ಪಟ್ಟಿ ಇರುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ತೇವಮಾಪಕ, ಕಾಲು ಕಿಲೊ ಸಿಲಿಕಾ ಜೆಲ್. ಮಾಪಕ 60 ದಾಟಿದರೆ ಜೆಲ್ ಸೋತಿದೆ ಅಂತ ಅರ್ಥ. ನೀಲಿ ಜೆಲ್ ತೇವ ಕುಡಿದು ಗುಲಾಬಿಯಾಗುವುದು ಅದಕ್ಕೆ ಸೇರಿಸಿದ ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತನ್ನಿ. ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮೊದಲಿನ ಬಣ್ಣ ಬರುತ್ತದೆ, ಅಡಿಗೆಯ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ. ಹುರಿದ ಅಕ್ಕಿ ಹಾಕುವವರಿದ್ದಾರೆ. ಅಕ್ಕಿ ಕುಡಿಯುವುದು ಕಡಿಮೆ, ಉದುರಿಸುವ ಹುಡಿ ಜಾಸ್ತಿ, ಮತ್ತು ಆ ಹುಡಿ ಫಂಗಸ್ಸಿಗೆ ಮೃಷ್ಟಾನ್ನ.

ಹಿಂದೆ ಸ್ಟುಡಿಯೊದವರು ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು, ನಗಬೇಡಿ, ಅದು ಒಳ್ಳೆಯ ಉಪಾಯ. 25 ಡಿಗ್ರಿಯಲ್ಲಿ 90 ಶೇಕಡಾ ತೇವ ಇರುವ ಗಾಳಿಯನ್ನು 35ಕ್ಕೆ ಕಾಯಿಸಿದರೆ ಅದೇ ನೀರಿನಂಶ 50 ಶೇಕಡಾ ಅಂತ ಲೆಕ್ಕಕ್ಕೆ ಬರುತ್ತದೆ, ನೀರು ತೆಗೆಯಬೇಕೆಂದೇ ಇಲ್ಲ. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಕಾವಿಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯ, ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ಹೊಡೆಯುವುದು.

ಮೂರು ಹೆಸರುಗಳ ಗೊಂದಲ

ಅಂಗಡಿಯಲ್ಲಿ 'ಫ್ಲೋರಿನ್ ಕೋಟಿಂಗ್' ಅಂದರೆ ಅದು ನಮ್ಮ ಮೆಗ್ನೀಸಿಯಂ ಫ್ಲೋರೈಡ್ ಅಲ್ಲ. ಅದು ನಾನ್‌ಸ್ಟಿಕ್ ಕಾವಲಿಯ ಬಂಧುವಾದ ಕಾರ್ಬನ್-ಫ್ಲೋರಿನ್ ಸಂಯುಕ್ತ, ನೀರು ಮತ್ತು ಜಿಡ್ಡು ಅಂಟದಿರಲಿ ಅಂತ ಹೊರಮುಖಕ್ಕೆ ಕೊಟ್ಟದ್ದು. 'ಫ್ಲೋರೈಟ್ ಲೆನ್ಸ್' ಅಂದರೆ ಗಾಜಿನ ಬದಲು ಇಡೀ ತುಂಡೇ ಕ್ಯಾಲ್ಸಿಯಂ ಫ್ಲೋರೈಡಿನ ಹರಳು. ಕ್ಯಾನನ್ 1969ರಲ್ಲಿ 300 ಮಿಲಿಮೀಟರಿನ ಒಂದು ಲೆನ್ಸಿನಲ್ಲಿ ಅದನ್ನು ತಂದಿತು. ಬಣ್ಣಗಳನ್ನು ಬಹಳ ಕಡಿಮೆ ಚದುರಿಸುತ್ತದೆ, ಆದರೆ ಹರಳು ಮೆದು, ಬಿಸಿ ತಣ್ಣಗೆ ಬೇಗ ಹಿಗ್ಗಿ ಕುಗ್ಗುತ್ತದೆ. ಎ.ಸಿ. ಕಾರಿನಿಂದ ನೇರ ಕಂಬಳದ ಗದ್ದೆಯ ಬಿಸಿಲಿಗೆ ತೆಗೆಯುವ ಮೊದಲು ಬ್ಯಾಗಿನಲ್ಲೇ ಅರ್ಧ ಗಂಟೆ ಇರಲಿ. ಬೇರೆ ಲೆನ್ಸಿಗೂ ಈ ಅರ್ಧ ಗಂಟೆ ಒಳ್ಳೆಯದೇ, ಗಾಜು ಬೆವರುವುದು ತಪ್ಪುತ್ತದೆ.

ಮಲ್ಪೆಯ ಹುಡುಗನ ಲೆನ್ಸಿಗೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ನಿರ್ವಾತ ಕೋಣೆ, 300 ಡಿಗ್ರಿಯ ಗಾಜು ನಮ್ಮ ಚಾವಡಿಯಲ್ಲಿ ಆಗುವ ಕೆಲಸವಲ್ಲ, ಹೊರಗೆ ಮಾಡಿಸಿದರೆ ಲೆನ್ಸಿನ ಬೆಲೆಗಿಂತ ಹೆಚ್ಚಾದೀತು. ಉದ್ದದ ಹುಡ್ ಹಾಕು, ದೀಪಕ್ಕೆ ಮುಖ ಮಾಡಿ ತೆಗೆಯಬೇಡ ಅಂತ ಹೇಳಿ ಕಳಿಸಿದೆ. ಮೊನ್ನೆ ಸಿಕ್ಕಿದ್ದ. ಲೆನ್ಸ್ ಏನಾಯಿತು ಕೇಳಿದೆ.

"ಅದರಲ್ಲೇ ಈಗ ಮದುಮಗಳ ಫೋಟೊ ತೆಗೆಯುವುದು ಸರ್. ಮುಖ ಹತ್ತಿಯ ಹಾಗೆ ಮೆತ್ತಗೆ ಬರ್ತದೆ. ಐನೂರು ರೂಪಾಯಿ ಜಾಸ್ತಿ ಕೇಳ್ತೇನೆ."